ಕೇಸ್ ಶೀಟಿನಲ್ಲಿ ಜಾಗ ಸಿಗದ ಮಾತು

ಎಂಬಿಬಿಎಸ್ ವಿದ್ಯಾರ್ಥಿ ವಾರ್ಡಿಗೆ ಕಾಲಿಟ್ಟ ಕೂಡಲೇ ಕಲಿಯುವ ಬರವಣಿಗೆ ಕೇಸ್ ಶೀಟ್. ಅದರ ಕ್ರಮ ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳಲ್ಲೂ ಒಂದೇ. ಮುಖ್ಯ ತೊಂದರೆ, ಅದು ಶುರುವಾಗಿ ಬೆಳೆದ ಬಗೆ, ಹಿಂದಿನ ಕಾಯಿಲೆಗಳು, ಮನೆಯವರ ಕಾಯಿಲೆಗಳು, ಊಟ, ನಿದ್ದೆ, ಚಟ. ಆಮೇಲೆ ಪರೀಕ್ಷೆಯಲ್ಲಿ ಕಂಡದ್ದು, ಕೊನೆಗೆ ರೋಗನಿರ್ಣಯ. ರಾತ್ರಿ ಎರಡು ಗಂಟೆಗೆ ಕರೆ ಬಂದು ಓಡಿ ಬರುವ ಡ್ಯೂಟಿ ಡಾಕ್ಟರಿಗೆ ಅರ್ಧ ನಿಮಿಷದಲ್ಲಿ ವಿಷಯ ತಿಳಿಯಬೇಕು, ಅದಕ್ಕೇ ಈ ಅಚ್ಚು. ಅದನ್ನು ಹಳಿಯುವುದು ಸರಿಯಲ್ಲ. ಆದರೆ ಅಚ್ಚಿಗೆ ಒಗ್ಗದ್ದೆಲ್ಲ ಹೊರಗೆ ಚೆಲ್ಲಿಹೋಗುತ್ತದೆ. ಹಾಗೆ ಚೆಲ್ಲಿದ್ದರಲ್ಲಿ ಚಿಕಿತ್ಸೆಗೆ ಬೇಕಾದ ಸಂಗತಿಯೂ ಎಷ್ಟೋ ಸಲ ಇರುತ್ತದೆ.

ಅದನ್ನು ಹಿಡಿದಿಡಲು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರೋನ್ 1993ರಲ್ಲಿ ಒಂದು ಸರಳ ಉಪಾಯ ಮಾಡಿದರು. ಶರೋನ್ ವೈದ್ಯಕೀಯದ ಜೊತೆಗೆ ಇಂಗ್ಲಿಷ್ ಸಾಹಿತ್ಯದಲ್ಲೂ ಡಾಕ್ಟರೇಟ್ ಪಡೆದವರು. ವಿದ್ಯಾರ್ಥಿಗಳು ಕೇಸ್ ಶೀಟನ್ನು ಎಂದಿನಂತೆ ಬರೆಯಲಿ, ಅದರ ಜೊತೆಗೆ ಅದೇ ರೋಗಿಯ ಬಗ್ಗೆ ಬೇರೊಂದು ಹಾಳೆಯಲ್ಲಿ, ದಿನಬಳಕೆಯ ಮಾತಿನಲ್ಲಿ ಒಂದು ಪುಟ ಬರೆಯಲಿ ಎಂದರು. ಅದಕ್ಕೆ ‘ಪ್ಯಾರಲಲ್ ಚಾರ್ಟ್’ ಎಂದು ಹೆಸರಿಟ್ಟರು. ಅವರು ಕೊಡುವ ಉದಾಹರಣೆ ಹೀಗಿದೆ: ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸಾಯುತ್ತಿರುವ ರೋಗಿಯನ್ನು ಕಂಡಾಗಲೆಲ್ಲ ಅದೇ ಕಾಯಿಲೆಯಲ್ಲಿ ತೀರಿಹೋದ ಅಜ್ಜ ನೆನಪಾಗಿ ವಿದ್ಯಾರ್ಥಿಗೆ ಅಳು ಬರುತ್ತದೆ ಎನ್ನಿ. ಅದನ್ನು ಆಸ್ಪತ್ರೆಯ ದಾಖಲೆಯಲ್ಲಿ ಬರೆಯುವಂತಿಲ್ಲ, ಆದರೆ ಎಲ್ಲಾದರೂ ಬರೆಯಲೇಬೇಕು. ಈ ಅಭ್ಯಾಸ ಬೆಳೆದು ‘ನರೇಟಿವ್ ಮೆಡಿಸಿನ್’, ಅಂದರೆ ರೋಗಿಯ ಕಥೆ ಕೇಳಿ ಅರಿಯುವ ವೈದ್ಯಕೀಯ, ಎಂಬ ಅಧ್ಯಯನ ಶಾಖೆಯಾಯಿತು. 2009ರಿಂದ ಕೊಲಂಬಿಯಾದಲ್ಲಿ ಅದರಲ್ಲಿ ಸ್ನಾತಕೋತ್ತರ ಪದವಿಯೂ ಇದೆ.

ಪ್ಯಾರಲಲ್ ಚಾರ್ಟ್ ಡೈರಿ ಅಲ್ಲ. ಡೈರಿಯಲ್ಲಿ ಬರೆಯುವವರೇ ನಡುವೆ ಇರುತ್ತಾರೆ, ಇಲ್ಲಿ ನಡುವೆ ಇರಬೇಕಾದವರು ರೋಗಿ. ಬರೆದದ್ದನ್ನು ಸಣ್ಣ ಗುಂಪಿನಲ್ಲಿ ಗಟ್ಟಿಯಾಗಿ ಓದಬೇಕೆಂಬುದೂ ನಿಯಮದ ಒಂದು ಭಾಗ.

ಕೇಳಿಸಿಕೊಳ್ಳುವುದರಲ್ಲಿ ವೈದ್ಯರು ಎಲ್ಲಿ ಎಡವುತ್ತಾರೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ 74 ಭೇಟಿಗಳ ಧ್ವನಿಮುದ್ರಣ ಕೇಳಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿ ತನ್ನ ತೊಂದರೆ ಹೇಳಲು ಶುರುಮಾಡಿ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಪೂರ್ತಿ ಹೇಳಿ ಮುಗಿಸಲು ಸಾಧ್ಯವಾದದ್ದು ಶೇಕಡ 23 ಭೇಟಿಗಳಲ್ಲಿ ಮಾತ್ರ. ಹಾಗಾದರೆ ತಡೆಯದೆ ಬಿಟ್ಟರೆ ರೋಗಿಗಳು ಗಂಟೆಗಟ್ಟಲೆ ಹೇಳುತ್ತಾರೆಯೇ? ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 335 ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 92 ಸೆಕೆಂಡು. ಹತ್ತರಲ್ಲಿ ಎಂಟು ಮಂದಿ, ಹೆಚ್ಚುಕಡಿಮೆ, ಎರಡು ನಿಮಿಷದೊಳಗೆ ತಾವಾಗಿಯೇ ಮಾತು ಮುಗಿಸಿದರು. ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಈ 92 ಸೆಕೆಂಡು ಕೂಡ ದುಬಾರಿ, ನಿಜ. ಆದರೆ ವಾರ್ಡಿನಲ್ಲಿ ಮಲಗಿರುವ ಒಬ್ಬ ರೋಗಿಯ ಬಳಿ ಕೂರಲು ವಿದ್ಯಾರ್ಥಿಗೆ ಸಮಯವಿದೆ. ಇಡೀ ತಂಡದಲ್ಲಿ ಆ ಸಮಯ ಇರುವುದು ಅವರಿಗೊಬ್ಬರಿಗೇ.

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಕೇಸ್ ಶೀಟ್ ಹೇಳುತ್ತದೆ: 34 ವರ್ಷದ ಮಹಿಳೆ, ಶ್ವಾಸಕೋಶದ ಟಿಬಿ, ಆರು ವಾರಕ್ಕೆ ಮಾತ್ರೆ ನಿಲ್ಲಿಸಿದ್ದಾರೆ, ಡಿಫಾಲ್ಟರ್. ಬಳಿ ಕೂತು ಕೇಳಿದ ವಿದ್ಯಾರ್ಥಿಯ ಪುಟ, ತಿದ್ದಿ ತಿದ್ದಿ 40 ಪದಕ್ಕೆ ಇಳಿದಾಗ ಹೀಗಾಗಬಹುದು:

“ಮಾತ್ರೆ ಯಾಕೆ ಬಿಟ್ರಿ ಎಂದೆ. ಮಾತಾಡಲಿಲ್ಲ. ಅತ್ತೆ ಆಚೆ ಹೋದ ಮೇಲೆ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಪಟ್ಟಿ ತೋರಿಸಿದರು. ‘ಒಂದಕ್ಕೆ ಹೋದ್ರೆ ಕೆಂಪಗೆ ಬರ್ತಿತ್ತು ಡಾಕ್ಟ್ರೇ. ಉಷ್ಣ ಜಾಸ್ತಿ ಆಯ್ತು ಅಂತ ಬಿಟ್ಟೆ.’ ಅದು ಮಾತ್ರೆಯ ಬಣ್ಣ, ರಕ್ತವಲ್ಲ ಎಂದೆ. ‘ಮೊದಲೇ ಯಾರಾದ್ರೂ ಹೇಳಿದ್ರೆ ನುಂಗ್ತಿದ್ದೆ’ ಅಂದರು. ಹೊರಗೆ ಅತ್ತೆ ಎಳನೀರು ಹಿಡಿದು ನಿಂತಿದ್ದರು.”

ಟಿಬಿಗೆ ಕೊಡುವ ರಿಫಾಂಪಿಸಿನ್ ಮೂತ್ರ, ಬೆವರು, ಕಣ್ಣೀರಿಗೂ ಕಿತ್ತಳೆಗೆಂಪು ಬಣ್ಣ ತರುತ್ತದೆ. ಅದು ಅಪಾಯವಲ್ಲ, ಆದರೆ ಮೊದಲ ದಿನವೇ ಹೇಳಬೇಕಾದ ಮಾತು. ‘ಡಿಫಾಲ್ಟರ್’ ಎಂದು ಬರೆದರೆ ತಪ್ಪು ರೋಗಿಯದಾಗಿ, ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಪುಟ ಬರೆಯಲು ಕೂತವರು ‘ಯಾಕೆ’ ಎಂದು ಕೇಳಲೇಬೇಕಾಗುತ್ತದೆ. ಸಿಕ್ಕ ಉತ್ತರ ಆ ಪುಟದಲ್ಲೇ ಉಳಿಯಬಾರದು. ಮಾತ್ರೆ ಬಿಡಲು ಕಾರಣ, ಕೊಟ್ಟ ತಿಳಿವಳಿಕೆ, ಎರಡೂ ಕೇಸ್ ಶೀಟಿಗೆ ಹೋಗಬೇಕು, ಏಕೆಂದರೆ ಮುಂದಿನ ವೈದ್ಯರು ಓದುವುದು ಅದನ್ನೇ.

ಇಂಥ ಚಿಕ್ಕ ಕಥೆಗಳಿಗೆ ಅಮೆರಿಕದ ಕುಟುಂಬ ವೈದ್ಯರ ತರಬೇತಿಯಲ್ಲಿ ‘55 ಪದದ ಕಥೆ’ ಎಂದು ಹೆಸರು. ಕನ್ನಡದಲ್ಲಿ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ವಿಷಯಕ್ಕೆ 40 ಪದ ಸಾಕು. ಮೊದಲು ಹತ್ತು ನಿಮಿಷ ಪೆನ್ನೆತ್ತದೆ ಬರೆಯಬೇಕು, ತಿದ್ದುವ ಗೋಜು ಬೇಡ. ಒಂದು ದಿನ ಬಿಟ್ಟು ಮತ್ತೆ ತೆಗೆದು, ಮೊದಲು ಗುಣವಾಚಕಗಳನ್ನು ಹೊಡೆದುಹಾಕಬೇಕು. ಆಮೇಲೆ ‘ನನಗೆ ಅನ್ನಿಸಿತು’, ‘ನನ್ನ ಮನ ಕಲಕಿತು’ ಎಂಬ ಸಾಲುಗಳು ಹೋಗಬೇಕು. ರೋಗಿಯ ಮಾತನ್ನು ಮಾತ್ರ ಮುಟ್ಟಬಾರದು. ಎದೆ ಹಿಂಡಿದ ಹಾಗೆ, ಕಾಲು ಜುಮ್ಮೆನ್ನುತ್ತದೆ, ಹೊಟ್ಟೆಯಲ್ಲಿ ಸಂಕಟ ಎಂದದ್ದನ್ನು ಇಂಗ್ಲಿಷಿನ ಲಕ್ಷಣಗಳ ಪಟ್ಟಿಗೆ ಬದಲಾಯಿಸಿದ ಕ್ಷಣ ಅರ್ಧ ವಿಷಯ ಕಳೆದುಹೋಗುತ್ತದೆ.

ಹೊಸಬರ ಪುಟಗಳು ಕೆಡುವುದು ಬಹುಪಾಲು ಒಂದೆರಡು ಕಡೆಯಲ್ಲೇ. “ಆಕೆಯ ಕಣ್ಣಲ್ಲಿ ಹೇಳಲಾರದ ನೋವಿತ್ತು” ಎಂಬ ಸಾಲು ಯಾವ ರೋಗಿಗೂ ಹೊಂದುತ್ತದೆ, ಅಂದರೆ ಬರೆದವರು ಯಾರನ್ನೂ ನೋಡಿಲ್ಲ. ಕಂಡದ್ದು ಸೆರಗಿನ ಗಂಟು, ಅದನ್ನೇ ಬರೆಯಬೇಕು. ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು. ಕಥೆ ವೈದ್ಯರನ್ನು ನಾಯಕನನ್ನಾಗಿ ಮಾಡಿ, ರೋಗಿ ಕೈಮುಗಿದು “ನೀವೇ ದೇವರು” ಎನ್ನುವಲ್ಲಿಗೆ ಮುಗಿಯುತ್ತದೆ. ಹಾಗೆ ಮುಗಿದ ಪುಟವನ್ನು ಗುಂಪಿನಲ್ಲಿ ಓದಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಘಟನೆಯನ್ನು ರೋಗಿ ಮನೆಗೆ ಹೋಗಿ ಹೇಗೆ ಹೇಳಿಯಾರು? ಗುಂಪು ಕೂಡ ಎಚ್ಚರದಿಂದಿರಬೇಕು. ಬರಹ ಹೇಗಿದೆ, ಏನು ಕಾಣುತ್ತದೆ, ಯಾರ ದನಿ ಕೇಳುವುದಿಲ್ಲ ಎಂಬ ಚರ್ಚೆ ಬಿಟ್ಟು ಬರೆದವರ ಮನಸ್ಸಿಗೇ ರೋಗನಿರ್ಣಯ ಮಾಡಲು ಹೊರಟರೆ ಮುಂದಿನ ವಾರ ಯಾರೂ ನಿಜ ಬರೆಯುವುದಿಲ್ಲ.

ಬರೆದರೆ ಬರೆದವರಿಗೆ ಏನು ಲಾಭ? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ನೋವಿನ ಘಟನೆ ಬರೆದರು. ಘಟನೆಯನ್ನೂ ಆಗ ಅನ್ನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಆ ಹೊತ್ತಿಗೆ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು, ರಕ್ತದೊತ್ತಡವೂ ಏರಿತ್ತು. ಸಾವು ಕಂಡ ದಿನವೇ, ಮತ್ತೆ ಡ್ಯೂಟಿಗೆ ಹೋಗುವ ಮುನ್ನ, ಅದರ ಬಗ್ಗೆ ಬರೆಯಲು ಹೇಳಬಾರದು ಎನ್ನುವುದಕ್ಕೆ ಇದು ಸಾಕಷ್ಟು ಕಾರಣ. ಮುಂದೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಲಾಭ ಇದೆ, ಆದರೆ ಚಿಕ್ಕದು ಎಂದು ಕಂಡಿತು. ಬರವಣಿಗೆ ಖಿನ್ನತೆಗೆ ಔಷಧವಲ್ಲ. ನಿದ್ದೆಗೆಟ್ಟು ಕುಸಿಯುತ್ತಿರುವ ಕಿರಿಯ ವೈದ್ಯರಿಗೆ ಬೇಕಾದದ್ದು ರಜೆ, ಬೇಕಿದ್ದರೆ ಮನೋವೈದ್ಯರ ಭೇಟಿ. ಅದರ ಬದಲು ನೋಟ್‌ಬುಕ್ ಕೊಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ.

ವೈದ್ಯ ಶಿಕ್ಷಣದಲ್ಲೇ ಇದರ ಅಗತ್ಯ ಎಲ್ಲಿ ಹೆಚ್ಚು ಎಂಬುದಕ್ಕೂ ಒಂದು ಸುಳಿವಿದೆ. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಹಾನುಭೂತಿಯನ್ನು ವರ್ಷದಿಂದ ವರ್ಷಕ್ಕೆ ಅಳೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೊದಲೆರಡು ವರ್ಷ ಅಂಕ ಹೆಚ್ಚು ಬದಲಾಗಲಿಲ್ಲ, ಇಳಿದದ್ದು ಮೂರನೇ ವರ್ಷ, ಅಲ್ಲಿನ ವಿದ್ಯಾರ್ಥಿಗಳು ವಾರ್ಡಿಗೆ ಇಳಿಯುವ ಹೊತ್ತಿಗೆ. ಅದು ವಿದ್ಯಾರ್ಥಿಗಳೇ ತುಂಬಿದ ಪ್ರಶ್ನಾವಳಿಯ ಅಂಕ ಎಂಬುದನ್ನು ಮರೆಯಬಾರದು. ಆದರೂ ಬರವಣಿಗೆಯ ತರಗತಿ ಇಡುವುದಾದರೆ ವಾರ್ಡಿನ ವರ್ಷಗಳಲ್ಲೇ ಇಡಬೇಕು.

ಭಾರತದಲ್ಲಿ 2019ರಲ್ಲಿ ಸೇರಿದ ಎಂಬಿಬಿಎಸ್ ತಂಡದಿಂದ ‘ಎಟ್‌ಕಾಮ್’, ಅಂದರೆ ನಡತೆ, ನೀತಿ, ಸಂವಹನದ ಪಾಠ ಕಡ್ಡಾಯ. ಅದರ ಭಾಗವಾಗಿ ವಿದ್ಯಾರ್ಥಿಗಳು ಲಾಗ್‌ಬುಕ್ಕಿನಲ್ಲಿ ‘ರಿಫ್ಲೆಕ್ಷನ್’ ಬರೆಯುತ್ತಾರೆ: ಏನಾಯಿತು, ಅದರಿಂದೇನು, ಮುಂದೇನು. ಒಳ್ಳೆಯ ಪ್ರಶ್ನೆಗಳೇ. ಆದರೆ ಸಹಿ ಮತ್ತು ಅಂಕ ಬಂದ ಕೂಡಲೇ ವಿದ್ಯಾರ್ಥಿ ಬರೆಯುವುದು ಮೇಷ್ಟ್ರಿಗೆ ಬೇಕಾದದ್ದನ್ನು. ಸೀನಿಯರ್‌ನ ಪುಟ ಜೂನಿಯರ್‌ನ ಪುಸ್ತಕಕ್ಕೆ ಇಳಿಯಲು ತಡವಾಗುವುದಿಲ್ಲ. ಬರೆದು ಓದಿದ್ದಕ್ಕೆ ಹಾಜರಿ ಕೊಡಲಿ, ಬರಹಕ್ಕೆ ಅಂಕ ಬೇಡ. ಕನ್ನಡದಲ್ಲಿ ಬರೆಯಲೂ ಬಿಡಬೇಕು.

ಕನ್ನಡದಲ್ಲಿ ವೈದ್ಯರ ಬರವಣಿಗೆಗೆ ಗಟ್ಟಿ ಪರಂಪರೆಯಿದೆ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಪತ್ರಿಕೆ ಆರಂಭಿಸಿದರು. ಡಾ. ಅನುಪಮಾ ನಿರಂಜನ ಕಾದಂಬರಿಗಳ ಜೊತೆಗೇ ಹೆಣ್ಣುಮಕ್ಕಳಿಗೆ ತಮ್ಮ ದೇಹದ ತಿಳಿವಳಿಕೆ ಕೊಟ್ಟರು. ಅವರೆಲ್ಲ ಓದುಗರಿಗಾಗಿ ಬರೆದರು. ಪ್ಯಾರಲಲ್ ಚಾರ್ಟ್ ಮೊದಲಿಗೆ ಯಾವ ಓದುಗರಿಗೂ ಅಲ್ಲ, ಒಬ್ಬ ರೋಗಿಯನ್ನು ಸರಿಯಾಗಿ ನೋಡುವುದಕ್ಕೆ. ಪ್ರಕಟಿಸುವ ಆಸೆ ಹುಟ್ಟಿದಾಗ ಲೆಕ್ಕ ಬೇರೆಯಾಗುತ್ತದೆ.

2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳ ಪ್ರಕಾರ, ಗುರುತು ಸಿಗುವಂತಿದ್ದರೆ ರೋಗಿಯ ಒಪ್ಪಿಗೆಯಿಲ್ಲದೆ ಫೋಟೋ ಅಥವಾ ಕೇಸ್ ವಿವರ ಪ್ರಕಟಿಸುವಂತಿಲ್ಲ. ಹೆಸರು ಬದಲಿಸಿದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಅಮೆರಿಕದ ಕಾನೂನು ತೆಗೆಯಬೇಕಾದ 18 ಬಗೆಯ ಗುರುತುಗಳನ್ನು ಪಟ್ಟಿ ಮಾಡುತ್ತದೆ. ಆಸ್ಪತ್ರೆಗೆ ಸೇರಿದ ತಾರೀಖು, ರಾಜ್ಯಕ್ಕಿಂತ ಚಿಕ್ಕ ಊರು-ಪ್ರದೇಶಗಳ ಹೆಸರು, 89 ದಾಟಿದ ವಯಸ್ಸು ಕೂಡ ಅದರಲ್ಲಿವೆ. ತಾಲೂಕಿನಲ್ಲಿ ಕಸುಬು, ಅಪರೂಪದ ಕಾಯಿಲೆ, ಮಕ್ಕಳ ಸಂಖ್ಯೆ, ಈ ಮೂರು ಸಾಕು, ಓದಿದವರು ಹೆಸರು ಹೇಳಿಬಿಡುತ್ತಾರೆ. ಬದಲಿಸುವುದಾದರೆ ಕಥೆಯ ವೈದ್ಯಕೀಯಕ್ಕೆ ಸಂಬಂಧವಿಲ್ಲದ್ದನ್ನು ಬದಲಿಸಬೇಕು. ಇಬ್ಬರು ಮೂವರು ರೋಗಿಗಳನ್ನು ಕೂಡಿಸಿ ಒಬ್ಬರನ್ನಾಗಿಸಿದ್ದರೆ ಹಾಗೆಂದು ಓದುಗರಿಗೆ ಹೇಳಬೇಕು. ಒಪ್ಪಿಗೆಯನ್ನು ಹಾಸಿಗೆಯ ಪಕ್ಕ ಕೇಳಬಾರದು, ಚಿಕಿತ್ಸೆ ಕೈತಪ್ಪೀತು ಎಂಬ ಭಯದಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಗುಣವಾಗಿ ಮನೆಗೆ ಹೋಗಿ ಮರುಭೇಟಿಗೆ ಬಂದಾಗ, ಬರೆದದ್ದನ್ನು ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಬೇಕು. ಅವರು ತಿದ್ದಿದ್ದನ್ನು ತಿದ್ದಬೇಕು, ಬೇಡ ಎಂದರೆ ಕಾರಣ ಕೇಳದೆ ಬಿಡಬೇಕು.