ಮಿಲಿಟ್ರಿಗೆ ಟೆಕ್ನಿಕಲ್‌ನಲ್ಲಿ ಸೇರಿದ್ರೆ ಬಾರ್ಡರ್‌ಗೆ ಹೋಗೋದಿರಲ್ಲ ಅಲ್ವಾ ಸರ್?

ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಕೇಳುವವರು ಐಟಿಐ ಮುಗಿಸಿದ ಹುಡುಗರು, ಇಲ್ಲಾಂದ್ರೆ ಅವರ ಅಮ್ಮಂದಿರು. ಅಮ್ಮಂದಿರಿಗೆ ಮೆತ್ತಗೆ ಹೇಳುತ್ತೇನೆ, ಹುಡುಗರಿಗೆ ಅಷ್ಟು ಮೆತ್ತಗೆ ಹೇಳುವುದಿಲ್ಲ. ಉತ್ತರ ಒಂದೇ: ಹೋಗಬೇಕಾಗುತ್ತದೆ. ಫೀಲ್ಡ್, ಅಂದರೆ ಗಡಿಯಂಥ ಕಡೆಯ ಪೋಸ್ಟಿಂಗ್, ಬರುತ್ತದೆ; ಆಮೇಲೆ ಪೀಸ್, ಅಂದರೆ ಊರಿನ ಕಂಟೋನ್ಮೆಂಟಿನ ಪೋಸ್ಟಿಂಗ್; ಮತ್ತೆ ಫೀಲ್ಡ್. ನಾನು ಸೇನೆಯ ರಿಪೇರಿ ವಿಭಾಗವಾದ ಇಎಂಇಯಲ್ಲಿ (ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ವೆಹಿಕಲ್ ಮೆಕ್ಯಾನಿಕ್ ಆಗಿದ್ದವನು, ಅನುಭವಿಸಿಯೇ ಹೇಳುತ್ತಿದ್ದೇನೆ.

ಮೊದಲು ಒಂದು ಸಣ್ಣ ಗೊಂದಲ. ಅಗ್ನಿವೀರ್ ಟೆಕ್ನಿಕಲ್ ಬೇರೆ, ಅಗ್ನಿವೀರ್ ಟ್ರೇಡ್ಸ್‌ಮನ್ ಬೇರೆ. ಟ್ರೇಡ್ಸ್‌ಮನ್ ಅಂದರೆ ಅಡುಗೆ, ಕ್ಷೌರ, ಬಟ್ಟೆ ಒಗೆಯುವಂಥ ಕೆಲಸಗಳ ಭರ್ತಿ. ರಿಪೇರಿ ಕೆಲಸ ಬೇಕೆನ್ನುವವರು ಹಾಕಬೇಕಾದದ್ದು ಟೆಕ್ನಿಕಲ್‌ಗೆ. ಅರ್ಜಿ ತಪ್ಪಾಗಿ ಹಾಕಿ ಆಮೇಲೆ ನನಗೆ ಫೋನ್ ಮಾಡಿದರೆ ನಾನೇನು ಮಾಡಲಿ?

ಈಗ ದೊಡ್ಡ ಸುಳ್ಳಿಗೆ ಬರೋಣ. ಮೆಕ್ಯಾನಿಕ್ ಅಂದರೆ ಶೆಡ್ಡಿನಲ್ಲಿ ಕೂತವನು, ಅವನು ಅರ್ಧ ಸೈನಿಕ ಅನ್ನುವುದು. ಇದು ಎಲ್ಲಿಂದ ಹುಟ್ಟಿತು ಅಂತ ನನಗೆ ಗೊತ್ತು. ಬೆಂಗಳೂರಿನವರು ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್ ನೋಡಿರುತ್ತಾರೆ. ಬೆಳಿಗ್ಗೆ ಟಿಫನ್ ಬಾಕ್ಸ್ ಹಿಡಿದು ಒಳಗೆ ಹೋಗುವವರು, ಸಂಜೆ ಮನೆಗೆ ಹೊರಡುವವರು. ಬೇಸ್ ವರ್ಕ್‌ಶಾಪುಗಳಲ್ಲಿ ಸಿವಿಲಿಯನ್ ನೌಕರರೇ ಜಾಸ್ತಿ. ಪೂರ್ತಿ ಬಿಚ್ಚಿ ಹೊಸದು ಮಾಡುವಂಥ ದೊಡ್ಡ ಕೆಲಸ ಅಲ್ಲಿ ನಡೆಯುತ್ತದೆ. ಅದನ್ನು ನೋಡಿ ಇಎಂಇ ಅಂದರೆ ಇಷ್ಟೇ ಅಂದುಕೊಂಡರೆ, ಕೆಎಸ್‌ಆರ್‌ಟಿಸಿ ಡಿಪೋ ನೋಡಿ ಬಸ್ಸುಗಳು ಓಡುವುದೇ ಇಲ್ಲ ಅಂದ ಹಾಗೆ.

ಗಾಡಿ ಕೆಡುವುದು ಶೆಡ್ಡಿನಲ್ಲಲ್ಲ ಸ್ವಾಮಿ, ಓಡುವ ಕಡೆ. ಅದಕ್ಕೇ ಒಂದು ಟ್ಯಾಂಕ್ ರೆಜಿಮೆಂಟ್ ಎಲ್ಲಿಗೆ ಹೊರಟರೂ ಅದರ ಜೊತೆ ಎಲ್‌ಎಡಿ ಹೊರಡುತ್ತದೆ. ಲೈಟ್ ಏಡ್ ಡಿಟ್ಯಾಚ್‌ಮೆಂಟ್, ರೆಜಿಮೆಂಟಿಗೇ ಅಂಟಿಕೊಂಡಿರುವ ಸಣ್ಣ ರಿಪೇರಿ ತಂಡ. ಅವರ ಕೈಯಲ್ಲಿ ಆಗದ್ದು ಹಿಂದಿನ ಫೀಲ್ಡ್ ವರ್ಕ್‌ಶಾಪಿಗೆ, ಅಲ್ಲೂ ಆಗದ್ದು ಮಾತ್ರ ಬೇಸ್‌ಗೆ. 2020ರಲ್ಲಿ ಪೂರ್ವ ಲಡಾಖಿನಲ್ಲಿ ಟಿ-72, ಟಿ-90 ಟ್ಯಾಂಕುಗಳು ನಿಂತಿದ್ದವಲ್ಲ, ಟಿ-72 ಒಂದರ ತೂಕವೇ 41 ಟನ್. ಒಂದು ಪೈಪ್ ಸೋರಿದರೆ ಅದನ್ನು ಬೆಟ್ಟ ಇಳಿಸಿಕೊಂಡು ಬರೋಕಾಗುತ್ತಾ? ಪಾನಾ ಹಿಡಿದವನೇ ಮೇಲೆ ಹೋಗಬೇಕು. ಇನ್ನೂ ನಂಬಿಕೆ ಬರದಿದ್ದರೆ, ಬೆಮೆಲ್ ಪೂರೈಸಿದ ಡಬ್ಲ್ಯುಝಡ್‌ಟಿ-3 ರಿಕವರಿ ಗಾಡಿಯ ಫೋಟೋ ಹುಡುಕಿ ನೋಡಿ. ಕೆಟ್ಟ ಟ್ಯಾಂಕನ್ನು ಎಳೆದು ತರುವ ಗಾಡಿ ಅದು. ಟ್ಯಾಂಕಿನಂತೆಯೇ ಚೈನು, ಉಕ್ಕಿನ ಮೈ, ಮೇಲೆ 12.7 ಎಂಎಂ ಮೆಷಿನ್ ಗನ್. ಶೆಡ್ಡಿನಲ್ಲಿ ಕೂರುವವನಿಗೆ ಮೆಷಿನ್ ಗನ್ ಯಾಕ್ರೀ?

ನನ್ನದೇ ಒಂದು ಬೆಳಗಿನ ಜಾವ ಹೇಳುತ್ತೇನೆ. ನವೆಂಬರ್ ತಿಂಗಳು, ಕಾರ್ಗಿಲ್‌ನಿಂದ ಲೇಹ್‌ಗೆ ಹೊರಟ ಕಾನ್ವಾಯ್. ಬಾಲದಲ್ಲಿ ರಿಕವರಿ ಗಾಡಿ, ಅದರಲ್ಲಿ ನಾವು. ಫೋತು ಲಾ ಹತ್ತಿರ, ಅಂದರೆ 13,000 ಅಡಿಗಿಂತ ಮೇಲೆ, ಒಂದು ಸ್ಟಾಲಿಯನ್ ಲಾರಿ ಕೆಮ್ಮಿ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿದರೆ ಒಳಗೆ ಡೀಸೆಲ್ ಇಲ್ಲ, ಡಿಸೆಂಬರ್ ಬೆಳಗಿನ ಕೊಬ್ಬರಿ ಎಣ್ಣೆ ಇದೆ! ಚಳಿಗೆ ಡೀಸೆಲಿನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರಿನ ಬಾಯಿ ಮುಚ್ಚಿಬಿಡುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಡೀಸೆಲ್ ಪೈಪಿಗೆ ಸುತ್ತಿ, ಹೊಸ ಫಿಲ್ಟರ್ ಹಾಕಿ, ಪೈಪಿನೊಳಗೆ ಸಿಕ್ಕಿದ ಗಾಳಿ (ಏರ್ ಲಾಕ್) ತೆಗೆಯಬೇಕು. ಕೇಳೋಕೆ ಸುಲಭ. ದಪ್ಪ ಗ್ಲೌಸಿನಲ್ಲಿ ಸಣ್ಣ ನಟ್ಟು ಸಿಗುವುದಿಲ್ಲ, ಗ್ಲೌಸ್ ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ನನ್ನ ಎಡಗೈ ತೋರುಬೆರಳಿನ ಒಂದು ಪದರ ಚರ್ಮ ಆ ಸ್ಟಾಲಿಯನ್ನಿಗೇ ಹೋಯಿತು. ಈಗ ಪರವಾಗಿಲ್ಲ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆಂದು ಚಳಿಗಾಲದ ಡೀಸೆಲ್ ಬಿಟ್ಟಿತು, ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ. ನಾವು ಸೀಮೆಎಣ್ಣೆ ಬೆರೆಸಿಕೊಂಡು ದಿನ ದೂಡಿದವರು.

ಮತ್ತೆ ರೈಫಲ್ಲು. ಸಿಪಾಯಿಯ ದರ್ಜೆಗೆ ನಮ್ಮಲ್ಲಿ ಕ್ರಾಫ್ಟ್ಸ್‌ಮನ್ ಅನ್ನುತ್ತಾರೆ. ಹೆಸರು ಬೇರೆ ಅಂತ ಓಟವೇನೂ ಕಡಿಮೆಯಿಲ್ಲ. ಪೂರ್ತಿ ಸಾಮಾನು ಬೆನ್ನಿಗೆ ಹಾಕಿ, ಆಯುಧ ಹಿಡಿದು 5 ಕಿಲೋಮೀಟರ್ ಓಡುವ ಪರೀಕ್ಷೆ ನಮಗೂ ಇದೆ, ಫೈರಿಂಗ್ ಇದೆ, ರಾತ್ರಿ ಸಂತ್ರಿ ಡ್ಯೂಟಿಯೂ ಇದೆ. ಮಾರನೇ ಬೆಳಿಗ್ಗೆ ಗೇರ್‌ಬಾಕ್ಸ್ ಇಳಿಸುವುದು ಬೇರೆ. ಊರಲ್ಲಿ ಮಾತ್ರ ನಮ್ಮ ದೊಡ್ಡಪ್ಪ ಇವತ್ತಿಗೂ ಪರಿಚಯ ಮಾಡಿಸುವುದು "ಇವನು ಮಿಲಿಟ್ರಿ ಗ್ಯಾರೇಜಲ್ಲಿದ್ದ" ಅಂತಲೇ. ರಜೆಗೆ ಬಂದರೆ ಪಂಪ್‌ಸೆಟ್ ಮೋಟರ್ ತಂದು ಮುಂದೆ ಇಡುತ್ತಿದ್ದರು. ದೊಡ್ಡಪ್ಪ, ನಾನು ವೆಹಿಕಲ್ ಮೆಕ್ಯಾನಿಕ್, ಮೋಟರ್ ಸುತ್ತುವುದು ಬೇರೆ ಟ್ರೇಡ್ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು.

ಯಾರೂ ಕೇಳದಿದ್ದರೂ ಇದೊಂದು ಹೇಳಿಬಿಡುತ್ತೇನೆ: ನನ್ನ ಕೈಗೆ ಬಂದ ಗಾಡಿಗಳಲ್ಲಿ ನನಗೆ ಇಷ್ಟವಾದದ್ದು ಮಾರುತಿ ಜಿಪ್ಸಿ. 1.3 ಲೀಟರಿನ ಪೆಟ್ರೋಲ್ ಎಂಜಿನ್, ಹಾಗಾಗಿ ಚಳಿಯಲ್ಲಿ ಮೇಣ ಕಟ್ಟುವ ರಗಳೆ ಇಲ್ಲ. ಬಾನೆಟ್ ಎತ್ತಿದರೆ ಎಲ್ಲಾ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಸೊಂಟದ ಕಥೆ ಬೇರೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ತೂಕ ಸುಮಾರು ಒಂದು ಟನ್ ಅಷ್ಟೇ. ಹಿಮದಲ್ಲಿ ಒಂದು ಚಕ್ರ ಹೂತರೆ ರಿಕವರಿ ಗಾಡಿ ಕರೆಯುತ್ತಿರಲಿಲ್ಲ, ನಾಲ್ಕೈದು ಜನ ಇಳಿದು, ಆ ಮೂಲೆಗೆ ಕೈ ಕೊಟ್ಟು, ಎತ್ತಿ ಪಕ್ಕಕ್ಕೆ ಇಡುತ್ತಿದ್ದೆವು.