ಎಐ ಬಳಸಲು ಧೈರ್ಯ ಸಾಲುತ್ತಿಲ್ಲ, ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಎಚ್‌ಆರ್ ವಿಭಾಗದಲ್ಲಿದ್ದೇನೆ. ಈಗ ಎಲ್ಲದಕ್ಕೂ ಎಐ ಬಳಸಿ ಎನ್ನುತ್ತಿದ್ದಾರೆ. ಕಲಿಯಲು ಮನಸ್ಸಿದೆ, ಧೈರ್ಯವಿಲ್ಲ. ತಪ್ಪಾದರೆ ಹೊಣೆ ನನ್ನ ತಲೆಗೇ ಅಲ್ಲವೇ? ಮೊದಲು ಕೋರ್ಸ್ ಮಾಡಿಕೊಳ್ಳಲೇ?

ಉತ್ತರ: ಕೋರ್ಸ್ ಮಾಡಿ, ಒಳ್ಳೆಯದೇ. ಆದರೆ ಧೈರ್ಯ ಬಂದ ಮೇಲೆ ಶುರು ಮಾಡುತ್ತೇನೆಂದು ಕಾದು ಕೂರಬೇಡಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ವಿಚಾರವೊಂದು ನಿಮಗೆ ಸರಿಯಾಗಿ ಹೊಂದುತ್ತದೆ. ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆ ಹುಟ್ಟುವುದು ಮುಖ್ಯವಾಗಿ ಸ್ವತಃ ಮಾಡಿ ಗೆದ್ದ ಅನುಭವದಿಂದ. ಬೇರೆಯವರು ಮಾಡುವುದನ್ನು ನೋಡಿದರೆ, ಯಾರಾದರೂ ಹುರಿದುಂಬಿಸಿದರೆ ತಕ್ಕಮಟ್ಟಿಗೆ ಬಲ ಬರುತ್ತದೆ, ಅಷ್ಟೇ. ನಾನು ಕುಳಿತ ಎಐ ತರಬೇತಿಗಳಲ್ಲೆಲ್ಲ ಈ ಎರಡೇ ಇದ್ದವು. ಮರುದಿನ ಕಚೇರಿಗೆ ಬಂದರೆ ಹಳೆಯ ಅಳುಕು ಹಾಗೇ ಇರುತ್ತಿತ್ತು.

ಅದು ಕಳೆದದ್ದು ಒಂದು ಸುತ್ತೋಲೆಯಿಂದ. ಕಾರ್ಖಾನೆಯ ಸೂಚನಾ ಫಲಕಕ್ಕೆ ಹೆರಿಗೆ ರಜೆಯ ನಿಯಮಗಳನ್ನು ಸರಳ ಕನ್ನಡದಲ್ಲಿ ಬರೆದುಕೊಡಲು ಎಐಗೆ ಹೇಳಿದ್ದೆ. ಅರ್ಧ ನಿಮಿಷದಲ್ಲಿ ಬಂತು. ಭಾಷೆ ಅಚ್ಚುಕಟ್ಟಾಗಿತ್ತು, ವಿಷಯ ತಪ್ಪಾಗಿತ್ತು: ಎಲ್ಲರಿಗೂ 26 ವಾರ ಎಂದಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ತಂದ 26 ವಾರ ಮೊದಲ ಎರಡು ಮಕ್ಕಳಿಗೆ ಮಾತ್ರ. ಆಗಲೇ ಇಬ್ಬರು ಮಕ್ಕಳಿರುವ ತಾಯಿಗೆ ಸಿಗುವುದು 12 ವಾರ. ಆ ಹಾಳೆ ಹಾಗೆಯೇ ಫಲಕಕ್ಕೆ ಹೋಗಿದ್ದರೆ, ಮೂರನೆಯ ಹೆರಿಗೆಗೆ ಹೊರಟ ಹೆಣ್ಣುಮಗಳೊಬ್ಬಳು ಅದನ್ನು ನಂಬಿ ಆರು ತಿಂಗಳ ಸಂಬಳದ ಲೆಕ್ಕ ಹಾಕಿಕೊಂಡಿರುತ್ತಿದ್ದಳು. ಓದುತ್ತಿದ್ದಂತೆ ನನ್ನ ಕಣ್ಣು ಆ ಸಾಲಿನ ಮೇಲೆ ನಿಂತಿತು. ನಿಲ್ಲಿಸಿದ್ದು ರಜೆ ಅರ್ಜಿಗಳ ನಡುವೆ ಕಳೆದ ವರ್ಷಗಳು. ಆ ವರ್ಷಗಳು ನಿಮ್ಮಲ್ಲಿಯೂ ಇವೆ.

ಹಾಗಾಗಿ ತಪ್ಪಿದ್ದರೆ ನಿಮ್ಮ ಕಣ್ಣಿಗೆ ಕೂಡಲೇ ಬೀಳುವಂಥ ಕೆಲಸವನ್ನೇ ಮೊದಲು ಅದಕ್ಕೆ ಕೊಡಿ. ಸುತ್ತೋಲೆಯಾಗಬಹುದು, ಸಂದರ್ಶನದ ಪ್ರಶ್ನೆಗಳಾಗಬಹುದು. ಅದು ಎಡವುತ್ತದೆ. ಆಗ ಸಿಟ್ಟಿನಿಂದ ಬಿಟ್ಟುಬಿಡುವುದು ಮನುಷ್ಯ ಸ್ವಭಾವ. ಅಲ್ಗಾರಿದಮ್‌ನ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕುವ ಸೂತ್ರದ, ಅಂದಾಜು ಮನುಷ್ಯರದಕ್ಕಿಂತ ಚೆನ್ನಾಗಿದ್ದರೂ, ಅದು ತಪ್ಪಿದ್ದನ್ನು ಕಂಡವರು ಅದನ್ನು ಬೇಗ ಕೈಬಿಡುತ್ತಾರೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಅದರ ಫಲಿತಾಂಶವನ್ನು ಒಂದಿಷ್ಟಾದರೂ ತಿದ್ದುವ ಅವಕಾಶವಿದ್ದರೆ ಜನ ಅದನ್ನು ಒಪ್ಪಿಕೊಳ್ಳುತ್ತಾರೆ ಎಂಬುದು ಅವರದೇ ಮುಂದಿನ ಅಧ್ಯಯನದಲ್ಲಿ ಕಂಡುಬಂತು. ಕೊನೆಯ ತಿದ್ದುಪಡಿ ನಿಮ್ಮದಾಗಿರುವ ಕಡೆಯಲ್ಲೆಲ್ಲ ಧಾರಾಳವಾಗಿ ಬಳಸಿ.

ಹೊಣೆಯ ಬಗ್ಗೆ ನಿಮಗಿರುವ ಭಯ ಮಾತ್ರ ಸರಿಯಾದದ್ದೇ, ಅದನ್ನು ಕಳೆದುಕೊಳ್ಳಬೇಡಿ. ಅಮೆಜಾನ್ 2014ರಿಂದ ಉದ್ಯೋಗದ ಅರ್ಜಿಗಳಿಗೆ ಅಂಕ ಕೊಡುವ ವ್ಯವಸ್ಥೆಯೊಂದನ್ನು ಕಟ್ಟುತ್ತಿತ್ತು. ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ನೋಡಿ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ‘ಮಹಿಳಾ ಚೆಸ್ ಕ್ಲಬ್ ನಾಯಕಿ’ ಎಂಬಂಥ ಒಕ್ಕಣೆ ಕಂಡರೆ ಅದು ಅಂಕ ಇಳಿಸುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು. ನೇಮಕಾತಿಗೆ ಇಂಥ ಉಪಕರಣ ಬಳಸುವವರು ಅದು ಪಕ್ಷಪಾತ ಮಾಡುತ್ತದೆಯೇ ಎಂದು ಪರಿಶೋಧನೆ ಮಾಡಿಸಲೇಬೇಕೆಂಬ ನಿಯಮವನ್ನು ನ್ಯೂಯಾರ್ಕ್ ನಗರ 2023ರ ಜುಲೈನಿಂದ ಜಾರಿ ಮಾಡಿದೆ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ನೇಮಕಾತಿಯನ್ನು ಹೆಚ್ಚು ಅಪಾಯದ ಬಳಕೆಗಳ ಸಾಲಿಗೆ ಸೇರಿಸಿದೆ.

ನೌಕರರ ಆಧಾರ್ ಸಂಖ್ಯೆ, ಸಂಬಳದ ಚೀಟಿ, ವೈದ್ಯಕೀಯ ಪತ್ರಗಳನ್ನು ಸಾರ್ವಜನಿಕ ಚಾಟ್ ಉಪಕರಣಕ್ಕೆ ಹಾಕಲೇಬೇಡಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಪಾಡುವಲ್ಲಿ ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ.

ನಾಳೆ ಮೇಲಧಿಕಾರಿಗಳು ಅರ್ಜಿ ಸೋಸುವ ತಂತ್ರಾಂಶ ಕೊಳ್ಳೋಣ ಎಂದರೆ ಬೇಡವೆನ್ನಬೇಡಿ. ಕಳೆದ ವರ್ಷ ನಾವೇ ನೋಡಿ ಆರಿಸಿದ ಐವತ್ತು ಅರ್ಜಿಗಳನ್ನು ಹೆಸರು, ವಿಳಾಸ ತೆಗೆದು ಅದಕ್ಕೆ ಕೊಟ್ಟು ನೋಡೋಣ ಎನ್ನಿ. ಅದು ಆರಿಸಿದವರ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ನೀವು ಮಾತ್ರ ಅದು ತಳ್ಳಿಹಾಕಿದವರ ಪಟ್ಟಿಯನ್ನು ಕೂತು ಓದಿ. ಮಗುವಿಗಾಗಿ ಎರಡು ವರ್ಷ ಕೆಲಸ ಬಿಟ್ಟಿದ್ದವರು, ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಓದಿದವರು ಅಲ್ಲೇ ಗುಂಪಾಗಿ ಕಂಡರೆ, ಖರೀದಿ ಕಡತಕ್ಕೆ ಸಹಿ ಹಾಕಬೇಡಿ.