ಮಕ್ಕಳ ಮಿದುಳು ಕ್ಯಾನ್ಸರ್: ಹೊಸ ಮಾತ್ರೆ ಬಂದರೆ ರೇಡಿಯೇಷನ್ ತಪ್ಪುತ್ತದೆಯೇ?

ಪ್ರಶ್ನೆ: ನಮ್ಮ ಅಕ್ಕನ ಮಗಳಿಗೆ ಏಳು ವರ್ಷ. ಮಿದುಳಿನ ಗಡ್ಡೆಗೆ ಬೆಂಗಳೂರಿನಲ್ಲಿ ಆಪರೇಷನ್ ಆಗಿದೆ, ಇನ್ನು ರೇಡಿಯೇಷನ್ ಕೊಡಬೇಕು ಎನ್ನುತ್ತಿದ್ದಾರೆ. ಅಮೆರಿಕದಲ್ಲಿ ಹೊಸ ಮಾತ್ರೆ ಬಂದಿದೆಯಂತೆ. ಅದನ್ನು ತರಿಸಿದರೆ ರೇಡಿಯೇಷನ್ ತಪ್ಪಿಸಬಹುದೇ?
— ಓದುಗರು, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಗಡ್ಡೆಯ ಹೆಸರಿಲ್ಲ, ಉತ್ತರವೆಲ್ಲ ನಿಂತಿರುವುದು ಅದರ ಮೇಲೆಯೇ. ಮಿದುಳಿನ ಗಡ್ಡೆ ಎಂಬುದು ಒಂದೇ ರೋಗವಲ್ಲ. ನೀವು ಕೇಳಿರುವ ಹೊಸ ಮಾತ್ರೆಗಳು ಕೆಲಸ ಮಾಡುವುದು ಗಡ್ಡೆಯ ಜೀವಕೋಶಗಳಲ್ಲಿ ನಿರ್ದಿಷ್ಟವಾದ ಒಂದು ಜೀನ್ ದೋಷವಿದ್ದಾಗ ಮಾತ್ರ.

ಗ್ಲಯೋಮಾ ಎಂದರೆ ಮಿದುಳಿನ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳ ಗಡ್ಡೆ. ನಿಧಾನವಾಗಿ ಬೆಳೆಯುವ ಗ್ಲಯೋಮಾಗಳಲ್ಲಿ ಹಲವಕ್ಕೆ ಬಿಆರ್‌ಎಎಫ್ ಎಂಬ ಜೀನಿನ ದೋಷವಿರುತ್ತದೆ. ಅಂಥ ಮಕ್ಕಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2023ರಲ್ಲಿ ಡಬ್ರಾಫೆನಿಬ್–ಟ್ರಾಮೆಟಿನಿಬ್ ಜೋಡಿಗೂ, 2024ರಲ್ಲಿ ವಾರಕ್ಕೊಮ್ಮೆ ಕೊಡುವ ಟೊವೊರಾಫೆನಿಬ್‌ಗೂ ಅನುಮತಿ ನೀಡಿತು. ಎಚ್3 ಕೆ27ಎಂ ಎಂಬ ದೋಷವಿರುವ, ಮಿದುಳಿನ ನಡುಭಾಗದ ಉಗ್ರ ಗ್ಲಯೋಮಾಕ್ಕೆ 2025ರ ಆಗಸ್ಟ್‌ನಲ್ಲಿ ಡೊರ್ಡಾವಿಪ್ರೋನ್ ಬಂದಿತು. ಆದರೆ ಅದು ಮೊದಲ ಚಿಕಿತ್ಸೆಯ ನಂತರವೂ ಬೆಳೆದ ಗಡ್ಡೆಗೆ ಮಾತ್ರ, ಅದೂ ಮುಂದಿನ ಅಧ್ಯಯನಗಳಲ್ಲಿ ಪ್ರಯೋಜನ ದೃಢಪಡಬೇಕೆಂಬ ಷರತ್ತಿನ ಮೇಲೆ. ರೇಡಿಯೇಷನ್ನಿನ ಬದಲಿಗೆ ಎಂದು ಯಾರೂ ಹೇಳಿಲ್ಲ.

ಮಗುವಿನದು ಮೆಡುಲ್ಲೊಬ್ಲಾಸ್ಟೊಮಾ ಆಗಿದ್ದರೆ ವಿಷಯವೇ ಬೇರೆ. ಕಿರುಮಿದುಳಿನಲ್ಲಿ ಹುಟ್ಟುವ ಈ ಗಡ್ಡೆಯ ಕೋಶಗಳು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ತೇಲಿ ಕೆಳಗಿಳಿಯಬಲ್ಲವು. ಹಾಗಾಗಿಯೇ ಸುಮಾರು ಮೂರು ವರ್ಷ ದಾಟಿದ ಮಕ್ಕಳಿಗೆ ತಲೆಗೂ ಇಡೀ ಬೆನ್ನಿಗೂ ರೇಡಿಯೇಷನ್ ಕೊಡುತ್ತಾರೆ. ಅದರಿಂದ ಕಲಿಕೆ, ನೆನಪು, ಎತ್ತರ, ಹಾರ್ಮೋನುಗಳಿಗೆ ಪೆಟ್ಟು ಬೀಳುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಸಂಶೋಧಕರದ್ದೂ ಅದೇ ಚಿಂತೆ. ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ತಲೆ–ಬೆನ್ನಿನ ರೇಡಿಯೇಷನ್ ಪ್ರಮಾಣವನ್ನು 23.4 ಗ್ರೇಯಿಂದ (ಗ್ರೇ ಎಂದರೆ ರೇಡಿಯೇಷನ್ ಅಳೆಯುವ ಮಾನ) 18ಕ್ಕೆ ಇಳಿಸಿ ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾದಾಗ, ಕಡಿಮೆ ಪಡೆದ ಮಕ್ಕಳಲ್ಲಿ ರೋಗ ಮರುಕಳಿಸಿದ್ದು ಹೆಚ್ಚು ಎಂದು ಗೊತ್ತಾಯಿತು. ಆದರೆ ಗಡ್ಡೆಯಿದ್ದ ಜಾಗಕ್ಕೆ ಕೊನೆಯಲ್ಲಿ ಕೊಡುವ ಹೆಚ್ಚುವರಿ ರೇಡಿಯೇಷನ್ನಿನ ವಿಸ್ತಾರವನ್ನು ಕಿರಿದು ಮಾಡಿದ್ದರಿಂದ ನಷ್ಟವಾಗಲಿಲ್ಲ. ಇಷ್ಟು ತಿಳಿಯಲು ಹಲವು ವರ್ಷ ಹಿಡಿಯಿತು. ಈ ಗಡ್ಡೆಯ ನಾಲ್ಕು ಗುಂಪುಗಳಲ್ಲಿ ಡಬ್ಲ್ಯುಎನ್‌ಟಿ ಎಂಬುದರ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಬದುಕುಳಿಯುವುದರಿಂದ, ಅವರಲ್ಲಿ ಮಾತ್ರ ಪ್ರಮಾಣ ಇಳಿಸುವ ಪ್ರಯೋಗಗಳು ಈಗ ನಡೆದಿವೆ. ನನ್ನ ಮಟ್ಟಿಗೆ, ಹೊಸ ಮಾತ್ರೆಗಳ ಸುದ್ದಿಗಿಂತ ಈ ಕೆಲಸವೇ ಹೆಚ್ಚಿನದು.

ಕಾರ್-ಟಿ ಎಂಬ ಕೋಶ ಚಿಕಿತ್ಸೆಯ ಬಗ್ಗೆಯೂ ಕೇಳಿರುತ್ತೀರಿ. ಸ್ಟ್ಯಾನ್‌ಫರ್ಡ್‌ನಲ್ಲಿ ರೋಗಿಯದೇ ರೋಗನಿರೋಧಕ ಕೋಶಗಳನ್ನು ತಿದ್ದಿ, ಮೇಲೆ ಹೇಳಿದ ಉಗ್ರ ಗ್ಲಯೋಮಾದ 11 ಮಂದಿಗೆ ಕೊಟ್ಟ ವರದಿ 2024ರಲ್ಲಿ ಬಂದಿತು. ಕೆಲವರ ಗಡ್ಡೆ ಬಹಳ ಕುಗ್ಗಿತು, ಒಬ್ಬರದು ಪೂರ್ತಿ ಮಾಯವಾಯಿತು. ಅದಿನ್ನೂ ಪ್ರಯೋಗದ ಹಂತದಲ್ಲಿದೆ. ನಮ್ಮ ದೇಶದಲ್ಲಿ 2023ರಲ್ಲಿ ಅನುಮತಿ ಪಡೆದ ಕಾರ್-ಟಿ ಕೆಲವು ಬಗೆಯ ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾಗಳಿಗೆ, ಮಿದುಳಿನ ಗಡ್ಡೆಗಲ್ಲ.

ಆದ್ದರಿಂದ ನಿಮ್ಮ ಅಕ್ಕ ಡಾಕ್ಟರನ್ನು ಕೇಳಬೇಕಾದದ್ದು: 'ಬ್ಲಾಕ್‌ನ ಮೇಲೆ ಮಾಲಿಕ್ಯುಲರ್ ಪರೀಕ್ಷೆ ಆಗಿದೆಯೇ?' ಗಡ್ಡೆಯ ಜೀನ್ ದೋಷವೂ ಗುಂಪೂ ಗೊತ್ತಾಗುವುದು ಈ ಪರೀಕ್ಷೆಯಿಂದ. ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಬಿಳಿ ಅಚ್ಚೇ ಬ್ಲಾಕ್. ಪರೀಕ್ಷೆ ಆಗುವವರೆಗೆ ರೇಡಿಯೇಷನ್ನಿನ ದಿನಾಂಕವನ್ನು ನೀವಾಗಿಯೇ ಮುಂದೂಡಬೇಡಿ. ಡಾಕ್ಟರು ಎರಡನ್ನೂ ಹೊಂದಿಸುತ್ತಾರೆ. ಕಿದ್ವಾಯಿಯಲ್ಲೋ ನಿಮ್ಹಾನ್ಸ್‌ನಲ್ಲೋ ಎರಡನೆಯ ಅಭಿಪ್ರಾಯ ಕೇಳುವುದಾದರೆ ರಿಪೋರ್ಟ್, ಎಂಆರ್‌ಐ ಸಿಡಿಗಳ ಜೊತೆಗೆ ಬ್ಲಾಕನ್ನೂ ಬರೆದುಕೊಟ್ಟು ಪಡೆಯಿರಿ. ಕಾರಿನಲ್ಲಿ ಹೋಗುವುದಾದರೆ ಅದನ್ನು ಬಿಸಿಲು ಬೀಳುವ ಗಾಜಿನ ಕೆಳಗೆ ಇಡಬೇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾದೀತು.